ಕಚೇರಿ ಕಲಿಸದ್ದನ್ನು ತರಗತಿ ಕಲಿಸಲಿ

ಅಮೆರಿಕದ ಅಟ್ಲಾಂಟಾದಲ್ಲಿರುವ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯ 2014ರ ಜನವರಿಯಲ್ಲಿ ಕಂಪ್ಯೂಟರ್ ವಿಜ್ಞಾನದ ಸ್ನಾತಕೋತ್ತರ ಪದವಿಯನ್ನು ಪೂರ್ತಿ ಆನ್‌ಲೈನ್‌ನಲ್ಲಿ, ಸುಮಾರು 7,000 ಡಾಲರ್ ಶುಲ್ಕಕ್ಕೆ ಕೊಡಲು ಆರಂಭಿಸಿತು. ಇಷ್ಟು ಅಗ್ಗದ ಪದವಿಗೆ ಬೆಲೆ ಎಲ್ಲಿಂದ ಬರುತ್ತದೆ, ಇನ್ನು ಮುಂದೆ ಕ್ಯಾಂಪಸ್‌ಗೆ ಬಂದು ಓದುವವರು ಯಾರು ಎಂಬ ಅನುಮಾನಗಳು ಸಹಜವಾಗಿಯೇ ಎದ್ದವು. ಜೋಶುವಾ ಗುಡ್‌ಮನ್, ಜೂಲಿಯಾ ಮೆಲ್ಕರ್ಸ್, ಅಮಾಂಡಾ ಪಲ್ಲೈಸ್ ಎಂಬ ಮೂವರು ಸಂಶೋಧಕರು ಅಲ್ಲಿಗೆ ಬಂದ ಅರ್ಜಿಗಳನ್ನೇ ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದಕ್ಕೆ ಉತ್ತರವಿದೆ. ಕ್ಯಾಂಪಸ್ ಕೋರ್ಸಿಗೆ ಅರ್ಜಿ ಹಾಕುವ ಸಾಮಾನ್ಯ ಅಭ್ಯರ್ಥಿ ಆಗಷ್ಟೇ ಪದವಿ ಮುಗಿಸಿದ, 24ರ ಆಸುಪಾಸಿನ ಭಾರತೀಯ. ಆನ್‌ಲೈನ್ ಕೋರ್ಸಿಗೆ ಬಂದವರು ಸರಾಸರಿ 34 ವರ್ಷದ, ಕೆಲಸದಲ್ಲಿದ್ದ ಅಮೆರಿಕನ್ನರು. ಒಂದಕ್ಕೆ ಅರ್ಜಿ ಹಾಕಿದವರಲ್ಲಿ ಇನ್ನೊಂದಕ್ಕೂ ಹಾಕಿದವರು ಇಲ್ಲವೆನ್ನುವಷ್ಟು ಕಡಿಮೆ. ಆನ್‌ಲೈನ್ ಸೀಟು ಸಿಗದವರಲ್ಲಿ ಬೇರೆ ಕಡೆ ಸೇರಿದವರೂ ತೀರಾ ಕಡಿಮೆ. ಹೆಚ್ಚಿನವರು ಎಲ್ಲಿಯೂ ಸೇರಲಿಲ್ಲ. ಕೆಲಸ ಬಿಡಲಾಗದ ಇಂಥವರ ಓದಿನ ಆಸೆಗೆ ಅಲ್ಲಿಯವರೆಗೆ ಸಾಕಷ್ಟು ದಾರಿಗಳಿರಲಿಲ್ಲ.

ವಿದೇಶಕ್ಕೆ ಹೊರಟ ಆ 24ರ ಹುಡುಗರ ಜೊತೆ ಓದಿ, ಇಲ್ಲೇ ಕೆಲಸಕ್ಕೆ ಸೇರಿದವರು ಈಗ ಬೆಂಗಳೂರಿನ ಕಂಪನಿಗಳಲ್ಲಿ ಮೂವತ್ತು ದಾಟಿದ್ದಾರೆ. ಮನೆ ಸಾಲವಿದೆ, ಮಕ್ಕಳ ಶಾಲೆಯ ಫೀಸಿದೆ, ಊರಿನಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದಾರೆ. ಎರಡು ವರ್ಷ ಸಂಬಳ ಬಿಟ್ಟು ಓದಲು ಹೋಗುವುದು ಇವರಲ್ಲಿ ಹೆಚ್ಚಿನವರಿಗೆ ಆಗದ ಮಾತು. ಕೃತಕ ಬುದ್ಧಿಮತ್ತೆ ತಮ್ಮ ಕೆಲಸದ ಸ್ವರೂಪವನ್ನೇ ಬದಲಿಸುತ್ತಿರುವುದು ಅವರ ಕಣ್ಣ ಮುಂದೆಯೇ ಇದೆ. ಅರೆಕಾಲಿಕ ಓದಿನ ದಾರಿಗಳೂ ಈಗ ಸಾಕಷ್ಟಿವೆ. ಪಿಲಾನಿಯ ಬಿಟ್ಸ್ ಸಂಸ್ಥೆ ಉದ್ಯೋಗಸ್ಥರಿಗಾಗಿಯೇ ನಡೆಸುವ ಕಾರ್ಯಕ್ರಮಗಳಿಗೆ ನಾಲ್ಕು ದಶಕಗಳ ಇತಿಹಾಸವಿದೆ, ಅದರಲ್ಲಿ ಈಗ ಎಐ ಎಂ.ಟೆಕ್ ಸೇರಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಕಂಪನಿಗಳು ಪ್ರಾಯೋಜಿಸುವ ಉದ್ಯೋಗಿಗಳಿಗೆ ಆನ್‌ಲೈನ್ ಎಂ.ಟೆಕ್ ನಡೆಸುತ್ತದೆ. ಕಾನ್ಪುರ ಐಐಟಿಯ ಇ-ಮಾಸ್ಟರ್ಸ್‌ಗೆ ಗೇಟ್ ಪರೀಕ್ಷೆಯೂ ಬೇಕಿಲ್ಲ. ಟೆಕ್ಸಾಸ್ ವಿಶ್ವವಿದ್ಯಾಲಯ 2024ರಿಂದ ಎಐ ವಿಷಯದಲ್ಲೇ ಸುಮಾರು 10,000 ಡಾಲರ್‌ಗೆ ಆನ್‌ಲೈನ್ ಸ್ನಾತಕೋತ್ತರ ಪದವಿ ಕೊಡುತ್ತಿದೆ. ಹಾಗಾಗಿ ಓದುವುದಕ್ಕೆ ಅವಕಾಶವಿದೆಯೇ ಎಂದು ಕೇಳುವ ಕಾಲ ಮುಗಿದಿದೆ. ಸೇರಿದ ಮೇಲೆ ಏನು ಓದಬೇಕು ಎಂಬುದನ್ನು ಯೋಚಿಸಬೇಕು. ನನ್ನ ಪ್ರಕಾರ ಹೆಚ್ಚಿನವರು ಎಡವುತ್ತಿರುವುದು ಅಲ್ಲಿಯೇ.

ಸಾಮಾನ್ಯವಾಗಿ ಆಗುವುದು ಹೀಗೆ. ಕೋರ್ಸುಗಳ ಪಟ್ಟಿ ಬರುತ್ತದೆ. ಉದ್ಯೋಗ ಜಾಹೀರಾತುಗಳಲ್ಲಿ ಕಾಣುವ ಹೆಸರುಗಳು ಯಾವ ಕೋರ್ಸಿನಲ್ಲಿವೆಯೋ ಅದನ್ನು ಮೊದಲು ಆರಿಸುತ್ತಾರೆ. ಸಂಭವನೀಯತೆ, ರೇಖೀಯ ಬೀಜಗಣಿತ, ಸಂಖ್ಯಾಶಾಸ್ತ್ರ ಇವೆಲ್ಲ ಎಂಜಿನಿಯರಿಂಗ್‌ನಲ್ಲಿ ಒಮ್ಮೆ ಪಾಸಾದ ವಿಷಯಗಳು ಎಂದು ಪಕ್ಕಕ್ಕೆ ಸರಿಸುತ್ತಾರೆ, ಕಡ್ಡಾಯವಾಗಿದ್ದರೆ ಗೊಣಗಿಕೊಂಡು ಮುಗಿಸುತ್ತಾರೆ. ಇದನ್ನು ತಿರುವುಮುರುವು ಮಾಡಬೇಕು ಎಂಬುದು ನನ್ನ ವಾದ. ಹೊಸ ಟೂಲ್‌ಗಳನ್ನು ಕಲಿಸಲು ಕಚೇರಿಗಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿ ಅವು ಸಂಬಳದ ಸಮಯದಲ್ಲೇ ಕೈಗೆ ಬರುತ್ತವೆ, ತಪ್ಪಿದರೆ ತಿದ್ದಲು ಪಕ್ಕದ ಮೇಜಿನವರಿದ್ದಾರೆ. ಆದರೆ ಯಾವ ಮ್ಯಾನೇಜರ್ ಕೂಡ ಮುಂದಿನ ವಾರದೊಳಗೆ ಮ್ಯಾಟ್ರಿಕ್ಸ್‌ನ ರ‍್ಯಾಂಕ್ ಎಂದರೇನು ಅರ್ಥಮಾಡಿಕೊಂಡು ಬಾ ಎಂದು ಹೇಳುವುದಿಲ್ಲ. ಸ್ವಂತ ದುಡ್ಡು ಕೊಟ್ಟು, ನಿದ್ದೆಗೆಟ್ಟು ಕಲಿಯಬೇಕಾದದ್ದು ಕಚೇರಿ ಎಂದೂ ಕಲಿಸದ ಆ ಭಾಗವನ್ನು.

ಟೂಲ್‌ಗಳ ಆಯಸ್ಸು ಎಷ್ಟು ಎಂಬುದಕ್ಕೆ ಥಿಯಾನೋ ಉದಾಹರಣೆಯೇ ಸಾಕು. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಈ ತಂತ್ರಾಂಶ ಒಂದು ಕಾಲದಲ್ಲಿ ಡೀಪ್ ಲರ್ನಿಂಗ್ ಕಲಿಯುವವರೆಲ್ಲ ಹಿಡಿಯುವ ದಾರಿಯಾಗಿತ್ತು. ಅದರ ಅಭಿವೃದ್ಧಿ ನಿಲ್ಲಿಸುವುದಾಗಿ 2017ರಲ್ಲಿ ಅದನ್ನು ಕಟ್ಟಿದವರೇ ಪ್ರಕಟಿಸಿದರು. ಗೂಗಲ್ 2015ರಲ್ಲಿ ಹೊರತಂದ ಟೆನ್ಸರ್‌ಫ್ಲೋ ತನ್ನ ಬರವಣಿಗೆಯ ಕ್ರಮವನ್ನೇ 2019ರ ಆವೃತ್ತಿಯಲ್ಲಿ ಬದಲಿಸಿತು, ಅಷ್ಟರಲ್ಲಿ ಸಂಶೋಧಕರು ಪೈಟಾರ್ಚ್ ಕಡೆ ಹೊರಳಿಯಾಗಿತ್ತು. ಇವೆಲ್ಲದರ ಒಳಗೆ ಕೆಲಸ ಮಾಡುತ್ತಿದ್ದ ಬ್ಯಾಕ್‌ಪ್ರೊಪಗೇಷನ್ ಮಾತ್ರ 1986ರಲ್ಲಿ ರೂಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಬರೆದ ಪ್ರಬಂಧದಿಂದ ಪ್ರಸಿದ್ಧವಾದದ್ದು, ಈಗಲೂ ಅದೇ ಇದೆ. ಇನ್ನೂ ಹತ್ತಿರದ ಒಂದು ಉದಾಹರಣೆ ನೋಡೋಣ. ದೊಡ್ಡ ಭಾಷಾ ಮಾದರಿಗಳನ್ನು ನಮ್ಮ ಕೆಲಸಕ್ಕೆ ಹೊಂದುವಂತೆ ಮರುತರಬೇತಿ ಕೊಡಲು ಇಂದು ಕಂಪನಿಗಳು ಬಳಸುವ ವಿಧಾನ ಲೋರಾ. 2021ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಮುಂದಿಟ್ಟದ್ದು. ಮಾದರಿಯ ಒಂದು ಪದರದಲ್ಲಿ 4,096 ಸಾಲು, 4,096 ಕಂಬಗಳ ಮ್ಯಾಟ್ರಿಕ್ಸ್ ಇದೆ ಎನ್ನಿ. ಅದರಲ್ಲಿ 1,67,77,216 ಸಂಖ್ಯೆಗಳಿರುತ್ತವೆ. ಅಷ್ಟನ್ನೂ ತಿದ್ದುತ್ತಾ ಕೂರುವ ಬದಲು, ಮಾಡಬೇಕಾದ ಬದಲಾವಣೆಯನ್ನು ಎರಡು ತೆಳ್ಳನೆಯ ಮ್ಯಾಟ್ರಿಕ್ಸ್‌ಗಳ ಗುಣಲಬ್ಧವಾಗಿ ಬರೆಯುತ್ತಾರೆ. ಒಂದು 4,096 ಸಾಲು 8 ಕಂಬ, ಇನ್ನೊಂದು 8 ಸಾಲು 4,096 ಕಂಬ. ಒಟ್ಟು 65,536 ಸಂಖ್ಯೆಗಳು, ಅಂದರೆ 256ರಲ್ಲಿ ಒಂದು ಪಾಲು. ರ‍್ಯಾಂಕ್ ಎಂಬ ಕಲ್ಪನೆ ತಲೆಯಲ್ಲಿ ಇರುವವರಿಗೆ ಆ ಪ್ರಬಂಧ ಒಂದು ಸಂಜೆಯ ಓದು. ಇಲ್ಲಿ ರ‍್ಯಾಂಕ್ ಆಗಿರುವ ಈ 8 ಎಲ್ಲಿಂದ ಬಂತು, 16 ಇಟ್ಟರೆ ಏನಾಗುತ್ತದೆ, ಯಾವಾಗ ಇದು ಕೈಕೊಡಬಹುದು ಎಂದು ಅವರು ಯೋಚಿಸಬಲ್ಲರು. ಇಲ್ಲದವರು ಯಾರೋ ಬರೆದಿಟ್ಟ ಸಂಖ್ಯೆಯನ್ನು ನಕಲು ಮಾಡಿ ಫಲಿತಾಂಶಕ್ಕಾಗಿ ಕಾಯುತ್ತಾರೆ.

ಗಣಿತಕ್ಕಿಂತಲೂ ಮುಖ್ಯವಾದದ್ದು ಇನ್ನೊಂದಿದೆ: ಪ್ರಯೋಗವನ್ನು ಪ್ರಾಮಾಣಿಕವಾಗಿ ನಡೆಸುವ ಶಿಸ್ತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2017ರಲ್ಲಿ ಎದೆಯ ಎಕ್ಸ್‌ರೇಗಳ ಒಂದು ದೊಡ್ಡ ಸಂಗ್ರಹವನ್ನು ಸಾರ್ವಜನಿಕಗೊಳಿಸಿತು. ಅದರಲ್ಲಿ 1,12,120 ಚಿತ್ರಗಳಿವೆ, ರೋಗಿಗಳು ಮಾತ್ರ 30,805. ಒಬ್ಬೊಬ್ಬರದು ಸರಾಸರಿ ಮೂರು ನಾಲ್ಕು ಚಿತ್ರ. ಈಗ ಮಾದರಿಗೆ ತರಬೇತಿ ಕೊಡಲು ಒಂದಷ್ಟು, ಪರೀಕ್ಷಿಸಲು ಒಂದಷ್ಟು ಎಂದು ಚಿತ್ರಗಳನ್ನು ಯಾದೃಚ್ಛಿಕವಾಗಿ ಹಂಚಿದರೆ ಏನಾಗುತ್ತದೆ? ಒಬ್ಬ ರೋಗಿಯ ಎರಡು ಚಿತ್ರ ಈ ಕಡೆ, ಒಂದು ಆ ಕಡೆ ಬೀಳುತ್ತದೆ. ಮಾದರಿ ನ್ಯುಮೋನಿಯಾ ಗುರುತಿಸಲು ಕಲಿಯಿತೋ, ಆ ರೋಗಿಯ ಪಕ್ಕೆಲುಬಿನ ಆಕಾರವನ್ನು ನೆನಪಿಟ್ಟುಕೊಂಡಿತೋ ಎಂದು ಹೇಳಲು ಆಗುವುದಿಲ್ಲ. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕ ವಿದ್ಯಾರ್ಥಿಯ ಅಂಕಪಟ್ಟಿಯಷ್ಟೇ ಅದರ ಬೆಲೆ. ಸ್ಟ್ಯಾನ್‌ಫರ್ಡ್‌ನಂಥ ಕಡೆಯಿಂದ ಬಂದ ಒಂದು ಪ್ರಸಿದ್ಧ ಪ್ರಬಂಧದ ಮೊದಲ ಕರಡಿನಲ್ಲೂ ಇದೇ ತೊಡಕಿತ್ತು. ಹೊರಗಿನವರು ಎತ್ತಿ ತೋರಿಸಿದ ಮೇಲೆ ರೋಗಿವಾರು ಹಂಚಿ ತಿದ್ದಿದರು. ಪ್ರಿನ್ಸ್‌ಟನ್‌ನ ಸಾಯಶ್ ಕಪೂರ್ ಮತ್ತು ಅರವಿಂದ ನಾರಾಯಣನ್ 2023ರಲ್ಲಿ ಪ್ರಕಟಿಸಿದ ಸಮೀಕ್ಷೆ ಈ ಬಗೆಯ ಸೋರಿಕೆಯನ್ನು 17 ಜ್ಞಾನಶಾಖೆಗಳ 294 ಪ್ರಬಂಧಗಳಲ್ಲಿ ಪಟ್ಟಿ ಮಾಡಿದೆ. ಪ್ರಕಟವಾಗಿ ನಾಲ್ಕು ಜನ ಓದುವ ಪ್ರಬಂಧಗಳ ಗತಿಯೇ ಹೀಗಿರುವಾಗ, ಯಾರೂ ಹೊರಗಿನವರು ನೋಡದ ಕಚೇರಿಯ ಮಾದರಿಗಳಲ್ಲಿ ಎಷ್ಟಿರಬಹುದು? ಶುಕ್ರವಾರದ ಡೆಮೊದಲ್ಲಿ 97 ಪ್ರತಿಶತ ನಿಖರತೆ ಎಂದು ತೆರೆಯ ಮೇಲೆ ಮೂಡಿದರೆ ಚಪ್ಪಾಳೆ ಬೀಳುತ್ತದೆ. ಡೇಟಾ ಹೇಗೆ ಹಂಚಿದಿರಿ ಎಂದು ಕೇಳುವವರು ಅಪರೂಪ. ಹಾಗೆ ಕೇಳುವ ಅಭ್ಯಾಸ ಬೆಳೆಯುವುದು ಅಂಕ ಕಳೆಯುವ ಅಧಿಕಾರವಿರುವ ಮೇಷ್ಟರ ಕೈಕೆಳಗೆ.

ಹಾಗೆಂದು ತರಗತಿಯೇ ಎಲ್ಲವೂ ಎನ್ನಲಾರೆ. ಗೂಗಲ್‌ನ ಎಂಜಿನಿಯರ್‌ಗಳು 2015ರಲ್ಲಿ ಯಂತ್ರಕಲಿಕೆಯ ವ್ಯವಸ್ಥೆಗಳಲ್ಲಿ ಅಡಗಿರುವ ತಾಂತ್ರಿಕ ಸಾಲದ ಬಗ್ಗೆ ಒಂದು ಪ್ರಬಂಧ ಬರೆದರು. ನಿಜವಾದ ಬಳಕೆಯಲ್ಲಿರುವ ಒಂದು ವ್ಯವಸ್ಥೆಯಲ್ಲಿ ಯಂತ್ರಕಲಿಕೆಯ ಕೋಡ್ ಇರುವುದು ಅತಿ ಸಣ್ಣ ಭಾಗ. ಉಳಿದದ್ದೆಲ್ಲ ಡೇಟಾ ಕೂಡಿಸುವುದು, ಪರಿಶೀಲಿಸುವುದು, ಸರ್ವರ್‌ಗಳನ್ನು ನಿಭಾಯಿಸುವುದು, ಕಣ್ಣಿಟ್ಟು ಕಾಯುವುದು ಎಂಬುದು ಅದರ ತಿರುಳು. ಇಪ್ಪತ್ನಾಲ್ಕರ ಹುಡುಗನಿಗೆ ಕ್ಯಾಂಪಸ್‌ನಲ್ಲಿ ಈ ಉಳಿದದ್ದರ ಪರಿಚಯ ಸಿಗುವುದಿಲ್ಲ. ಬ್ಯಾಂಕಿನ ತಂತ್ರಾಂಶದ ಮೇಲೆ ಹತ್ತು ವರ್ಷ ಕೆಲಸ ಮಾಡಿದ ಮಹಿಳೆಗೆ ಅದು ಅಂಗೈ ನೆಲ್ಲಿ. ಯಾವ ಶಾಖೆಯ ಡೇಟಾ ತಡವಾಗಿ ಬರುತ್ತದೆ, ಯಾವ ಕಾಲಮ್ಮನ್ನು ನಂಬಬಾರದು, ತಿಂಗಳ ಕೊನೆಯಲ್ಲಿ ಅಂಕಿಗಳು ಯಾಕೆ ಜಿಗಿಯುತ್ತವೆ ಎಂದು ಅವರು ನಿದ್ದೆಯಲ್ಲೂ ಹೇಳಬಲ್ಲರು. ಎಐ ವೃತ್ತಿ ಎಂದರೆ ಇಷ್ಟು ವರ್ಷದ ಅನುಭವವನ್ನು ಗಂಟುಕಟ್ಟಿ ಎಸೆದು ಹೊಸ ಹುಡುಗರ ಸಾಲಿನಲ್ಲಿ ಕೊನೆಯವರಾಗಿ ನಿಲ್ಲುವುದು ಎಂಬ ಭಯ ಅನೇಕರಲ್ಲಿದೆ. ಈ ಭಯಕ್ಕೆ ಆಧಾರವಿಲ್ಲ. ಅದೇ ಬ್ಯಾಂಕಿನ ಕೆಲಸದಲ್ಲಿ, ಅದೇ ಕಂಪನಿಯೊಳಗೆ, ಮಾದರಿಗಳನ್ನು ಪರೀಕ್ಷಿಸುವ ಅಥವಾ ಬಳಕೆಗೆ ಇಳಿಸುವ ಟೀಮಿಗೆ ಸರಿಯುವುದು ಎಲ್ಲಕ್ಕಿಂತ ಹತ್ತಿರದ ಹೆಜ್ಜೆ. ಅರ್ಧದಷ್ಟು ವಿದ್ಯೆ ಅವರ ಬಳಿ ಆಗಲೇ ಇದೆ, ಇನ್ನರ್ಧಕ್ಕಾಗಿ ಪದವಿ.

ಇದಕ್ಕೆ ಎದುರಾಗಿ ಬರುವ ಮೊದಲ ಮಾತು, ಎಲ್ಲವೂ ಪುಕ್ಕಟೆ ಸಿಗುವಾಗ ಪದವಿ ಯಾಕೆ ಎಂಬುದು. ಮಾತಿನಲ್ಲಿ ಹುರುಳಿದೆ. 2011ರಲ್ಲಿ ಆಂಡ್ರ್ಯೂ ಎನ್‌ಜಿ ಅವರ ಯಂತ್ರಕಲಿಕೆಯ ಪಾಠಗಳು ಜಗತ್ತಿಗೆಲ್ಲ ತೆರೆದುಕೊಂಡ ಮೇಲೆ ಜ್ಞಾನಕ್ಕೆ ಬೀಗ ಹಾಕಿದ್ದಾರೆ ಎಂದು ಯಾರೂ ದೂರುವಂತಿಲ್ಲ. ಆದರೆ ಎಂಐಟಿ ಮತ್ತು ಹಾರ್ವರ್ಡ್ ಎಡ್‌ಎಕ್ಸ್‌ನಲ್ಲಿ ನಡೆಸಿದ ಉಚಿತ ಕೋರ್ಸುಗಳ ಅಂಕಿಅಂಶಗಳನ್ನು 2019ರಲ್ಲಿ ಸೈನ್ಸ್ ಪತ್ರಿಕೆ ಪ್ರಕಟಿಸಿತು: 2017–18ರಲ್ಲಿ ಸೇರಿದವರಲ್ಲಿ ಮುಗಿಸಿದವರು ನೂರಕ್ಕೆ ಮೂವರು. ಹಣ ಕಟ್ಟಿ ಪ್ರಮಾಣಪತ್ರಕ್ಕಾಗಿ ಸೇರಿದವರಲ್ಲಿ ಮಾತ್ರ ಅದು ಅರ್ಧದ ಹತ್ತಿರಕ್ಕೆ ಬಂತು. ದಿನವಿಡೀ ದುಡಿದು ಬಂದವರಿಗೆ ಗಡುವು ಬೇಕು, ತಮ್ಮ ಉತ್ತರ ತಪ್ಪು ಎಂದು ಹೇಳುವವರು ಬೇಕು. ಜಾರ್ಜಿಯಾ ಟೆಕ್‌ನಲ್ಲಿ ಪ್ರಾಧ್ಯಾಪಕ ಅಶೋಕ್ ಗೋಯಲ್ 2016ರಲ್ಲಿ ತಮ್ಮ ಎಐ ತರಗತಿಗೆ ಜಿಲ್ ವಾಟ್ಸನ್ ಎಂಬ ಸಹಾಯಕಿಯನ್ನು ನೇಮಿಸಿದ್ದರು. ಆಕೆ ಐಬಿಎಂನ ವಾಟ್ಸನ್ ಮೇಲೆ ಕಟ್ಟಿದ ತಂತ್ರಾಂಶ ಎಂಬುದು ಸೆಮಿಸ್ಟರ್ ಮುಗಿಯುವವರೆಗೆ ವಿದ್ಯಾರ್ಥಿಗಳಿಗೆ ಗೊತ್ತಿರಲಿಲ್ಲ. ಅಸೈನ್‌ಮೆಂಟ್ ಯಾವ ನಮೂನೆಯಲ್ಲಿ ಕೊಡಬೇಕು, ಕೊನೆಯ ದಿನ ಯಾವುದು ಎಂಬಂಥ ಪದೇ ಪದೇ ಬರುವ ಪ್ರಶ್ನೆಗಳಿಗೆ ಆ ಯಂತ್ರ ಉತ್ತರಿಸುತ್ತಿತ್ತು. ನನ್ನ ತರ್ಕ ಎಲ್ಲಿ ಮುರಿಯಿತು ಎಂಬ ಪ್ರಶ್ನೆಗಳಿಗಾಗಿ ಮನುಷ್ಯರ ಸಮಯ ಉಳಿಯಿತು. ಪದವಿಗೆ ಕೊಡುವ ಶುಲ್ಕ ಆ ಸಮಯಕ್ಕೆ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಕೋಡ್ ಬರೆಯುವುದನ್ನು ಯಂತ್ರವೇ ಕಲಿತಿದೆ, ಪದವಿ ಮುಗಿಯುವ ಹೊತ್ತಿಗೆ ಈ ಕೆಲಸಗಳೇ ಇರುತ್ತವೆಯೇ ಎನ್ನುತ್ತಾರೆ. ಐದು ವರ್ಷದ ನಂತರದ ಉದ್ಯೋಗಗಳ ಪಟ್ಟಿಯನ್ನು ಯಾರಾದರೂ ಖಚಿತವಾಗಿ ಹೇಳಿದರೆ ನಂಬಬೇಡಿ. ಆದರೆ ಒಂದು ಮಾತನ್ನು ಧೈರ್ಯವಾಗಿ ಹೇಳಬಹುದು. ಯಂತ್ರ ಬರೆದು ಕೊಟ್ಟದ್ದು ಸರಿಯೇ ಎಂದು ಹೇಳಬಲ್ಲವರ ಅಗತ್ಯ ಹೆಚ್ಚುತ್ತದೆ. ಎಕ್ಸ್‌ರೇಗಳನ್ನು ರೋಗಿವಾರು ಹಂಚು ಎಂದು ಹೇಳಲು ಬಾರದವರಿಗೆ ಯಂತ್ರವೂ ಚಿತ್ರವಾರು ಹಂಚಿದ ಕೋಡನ್ನೇ ನಯವಾಗಿ ಬರೆದು ಕೊಡಬಹುದು. ಟೂಲ್ ಕಲಿಯಲೆಂದು ಪದವಿಗೆ ಸೇರಿದವರಿಗೆ ಈ ಆಕ್ಷೇಪ ಪೂರ್ತಿ ಅನ್ವಯಿಸುತ್ತದೆ, ಬುನಾದಿ ಕಲಿಯಲು ಸೇರಿದವರಿಗೆ ಬಹಳ ಕಡಿಮೆ. 2021ರಲ್ಲಿ ಸೇರಿ ಸೆಮಿಸ್ಟರಿಗೆ ಒಂದರಂತೆ ಕೋರ್ಸು ಮಾಡುತ್ತಿದ್ದವರು 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದಾಗ ಅರ್ಧ ದಾರಿಯಲ್ಲಿದ್ದರು. ಅಲ್ಲಿಯವರೆಗೆ ಸಂಭವನೀಯತೆಯನ್ನು ಗಟ್ಟಿಯಾಗಿ ಓದಿದ್ದವರಿಗೆ, ಮುಂದಿನ ಪದವನ್ನು ಊಹಿಸುವ ಯಂತ್ರ ಹೇಗೆ ಕೆಲಸ ಮಾಡುತ್ತದೆ, ಯಾಕೆ ಸುಳ್ಳನ್ನೂ ಆತ್ಮವಿಶ್ವಾಸದಿಂದ ಹೇಳುತ್ತದೆ ಎಂಬುದು ಕಷ್ಟವಾಗಿರಲಾರದು. ಇದೇ ಕಾರಣಕ್ಕೆ, ಬುನಾದಿ ವಿಷಯಗಳ ಅಸೈನ್‌ಮೆಂಟನ್ನು ಎಐ ಕೈಯಲ್ಲಿ ಮಾಡಿಸಿ ಒಪ್ಪಿಸುವುದು ನಿಯಮಭಂಗ ಎಂಬುದಕ್ಕಿಂತ ಮೊದಲು ತಾವು ಕಟ್ಟಿದ ಶುಲ್ಕವನ್ನು ನೀರಿಗೆ ಹಾಕಿದಂತೆ.

ಸಮಯದ ಪ್ರಶ್ನೆಗೆ ನನ್ನ ಬಳಿ ಸುಲಭದ ಉತ್ತರವಿಲ್ಲ. ಅಟ್ಲಾಂಟಾದಲ್ಲಿ ಬೇಸಿಗೆಯ ಸಂಜೆ ಏಳು ಗಂಟೆಗೆ ಪ್ರಾಧ್ಯಾಪಕರು ಪ್ರಶ್ನೆಗಳಿಗೆ ಕೂತರೆ ಬೆಂಗಳೂರಿನಲ್ಲಿ ನಸುಕಿನ ನಾಲ್ಕೂವರೆ. ಮನೆಗೆಲಸದ ಭಾರ ಹೆಂಗಸರ ಮೇಲೇ ಬೀಳುವ ನಮ್ಮಲ್ಲಿ ಈ ನಾಲ್ಕೂವರೆ ಎಲ್ಲರಿಗೂ ಒಂದೇ ಅಲ್ಲ. ಮನೆಯವರು ಅಡುಗೆಮನೆಯ ಪಾಲು ಹೊರದೆ, ಓದಿಕೋ ಎಂದು ಬಾಯಿಮಾತಿನ ಒಪ್ಪಿಗೆ ಕೊಟ್ಟರೆ ಪ್ರಯೋಜನವಿಲ್ಲ. ಜಾರ್ಜಿಯಾ ಟೆಕ್ ಹತ್ತು ಕೋರ್ಸುಗಳನ್ನು ಮುಗಿಸಲು ಆರು ವರ್ಷ ಕೊಡುತ್ತದೆ. ಈ ಅವಕಾಶವನ್ನು ಪೂರ್ತಿ ಬಳಸಿಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬೇಗ ಮುಗಿಸುವ ಹಟದಲ್ಲಿ ಒಂದೇ ಸೆಮಿಸ್ಟರಿಗೆ ಎರಡು ಕಠಿಣ ಕೋರ್ಸು ಹಿಡಿದು, ಎರಡರಲ್ಲೂ ಅರೆಬರೆ ಕಲಿತು, ಕಚೇರಿಯಲ್ಲೂ ಮಾತು ಕೇಳಿಸಿಕೊಳ್ಳುವವರಿಗಿಂತ, ಒಂದನ್ನೇ ಹಿಡಿದು ಕಲಿತವರು ಮುಂದೆ ಹೋಗುತ್ತಾರೆ. ಮಾನ್ಯತೆಯ ವಿಷಯದಲ್ಲಿ ಮಾತ್ರ ಆತುರ ಸಲ್ಲದು. ಮಾನ್ಯತೆ ಪಡೆದ ಸಂಸ್ಥೆಗಳ ಆನ್‌ಲೈನ್ ಪದವಿಗಳು ಸಾಂಪ್ರದಾಯಿಕ ಪದವಿಗಳಿಗೆ ಸಮ ಎಂದು ಯುಜಿಸಿ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ ನಿಜ. ಆದರೆ ಎಂಜಿನಿಯರಿಂಗ್ ಪದವಿಗಳ ಕಥೆ ಬೇರೆ. ಅನುಮತಿಯಿಲ್ಲದೆ ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ದೂರಶಿಕ್ಷಣದಲ್ಲಿ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳನ್ನು 2017ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಮಾನತಿನಲ್ಲಿಟ್ಟಿತು, ಕೆಲವನ್ನು ರದ್ದೇ ಮಾಡಿತು. ವರ್ಷಗಟ್ಟಲೆ ರಾತ್ರಿ ಓದಿದ ಹಲವರ ಕೈಯಲ್ಲಿ ಬೆಲೆಯಿಲ್ಲದ ಕಾಗದ ಉಳಿಯಿತು. ಎಡ್‌ಟೆಕ್ ಕಂಪನಿಗಳ ಹೆಸರಿನಲ್ಲಿ ಬರುವ ಜಾಹೀರಾತು ನೋಡಿದಾಗ, ಪದವಿಗೆ ಸಹಿ ಹಾಕುವವರು ಯಾರು ಎಂಬುದನ್ನು ಮೊದಲು ಕೇಳಿ.

ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್ ಬಗ್ಗೆ ಒಂದು ಮಾತು. ಕಚೇರಿಯ ಸಮಸ್ಯೆಯನ್ನೇ ಪ್ರಾಜೆಕ್ಟಾಗಿ ತೆಗೆದುಕೊಂಡರೆ ಓದು ಮತ್ತು ವೃತ್ತಿ ಒಂದೇ ದಾರಿಗೆ ಬರುತ್ತವೆ. ಆದರೆ ಕಂಪನಿಯ ಡೇಟಾ ಕಂಪನಿಯದು. ಲಿಖಿತ ಅನುಮತಿಯಿಲ್ಲದೆ ಅದರ ಒಂದು ಸಾಲನ್ನೂ ಹೊರಗೆ ತರಬಾರದು. ಅನುಮತಿ ಸಿಗದಿದ್ದರೆ ಅದೇ ಸ್ವರೂಪದ ಸಮಸ್ಯೆಯನ್ನು ಸಾರ್ವಜನಿಕ ಡೇಟಾ ಮೇಲೆ ಬಿಡಿಸಬಹುದು. ಕನ್ನಡ ಬಲ್ಲವರಿಗೆ ಇಲ್ಲಿ ತೆರೆದ ಹೊಲವೇ ಇದೆ. ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ವರ್ಣಕ್ಕೂ, ಪ್ರತಿ ಗುಣಿತ ಚಿಹ್ನೆಗೂ ಮೂರು ಮೂರು ಬೈಟ್ ಬೇಕು. ಬೈಟ್‌ಗಳನ್ನು ಆಧರಿಸಿ ಪಠ್ಯವನ್ನು ತುಂಡು ಮಾಡುವ, ಹೆಚ್ಚಾಗಿ ಇಂಗ್ಲಿಷ್ ಓದಿ ಬೆಳೆದ ಮಾದರಿಗಳಲ್ಲಿ ಕನ್ನಡದ ವಾಕ್ಯ ಹೆಚ್ಚು ಚೂರುಗಳಾಗುತ್ತದೆ, ತುಂಡಿನ ಲೆಕ್ಕದಲ್ಲಿ ಹಣ ಕಟ್ಟುವ ಗ್ರಾಹಕರಿಗೆ ಖರ್ಚೂ ಹೆಚ್ಚುತ್ತದೆ. ಇದನ್ನು ಅಳೆದು, ತಗ್ಗಿಸುವ ದಾರಿ ಹುಡುಕುವುದು ಒಂದು ಒಳ್ಳೆಯ ಪ್ರಬಂಧಕ್ಕೆ ಸಾಕಾಗುವಷ್ಟು ಕೆಲಸ. ಮದ್ರಾಸ್ ಐಐಟಿಯ ಎಐ4ಭಾರತ್ ಬಳಗ ಭಾರತೀಯ ಭಾಷೆಗಳ ದತ್ತಾಂಶ, ಮಾದರಿಗಳನ್ನು ಎಲ್ಲರಿಗೂ ತೆರೆದಿಟ್ಟಿರುವುದರಿಂದ ಇಂಥ ಕೆಲಸಕ್ಕೆ ಯಾವ ಮ್ಯಾನೇಜರ್ ಅನುಮತಿಯೂ ಬೇಡ.

ಬೆಂಗಳೂರಿನ ಕಂಪನಿಗಳಿಗೆ ಒಂದು ವಿನಂತಿ. ಎಐ ಬಲ್ಲವರು ಸಿಗುತ್ತಿಲ್ಲ ಎಂದು ಹೊರಗೆ ಹುಡುಕುವ ಮುನ್ನ ನಿಮ್ಮಲ್ಲೇ ರಾತ್ರಿ ಓದುತ್ತಿರುವವರನ್ನು ಗುರುತಿಸಿ. ಪರೀಕ್ಷೆಯ ದಿನಗಳಿಗೆ ರಜೆ ಕೊಡಿ, ಪ್ರಾಜೆಕ್ಟಿಗೆ ಅನುಮತಿ ಕೇಳಿದಾಗ ಕಾನೂನು ವಿಭಾಗದ ಮೇಜಿನ ಮೇಲೆ ಆರು ತಿಂಗಳು ಕೊಳೆಯಲು ಬಿಡದೆ ಹೌದು ಅಥವಾ ಇಲ್ಲ ಎಂದು ಹೇಳಿ, ಶುಲ್ಕ ಭರಿಸಿದರೆ ಅದಕ್ಕೆ ವರ್ಷಗಟ್ಟಲೆ ಕಟ್ಟಿಹಾಕುವ ಬಾಂಡ್ ಅಂಟಿಸಬೇಡಿ. ಈ ವರ್ಷ ಸೇರಬೇಕೆಂದಿರುವವರು ಅರ್ಜಿ ತುಂಬುವ ಮೊದಲು ಪಠ್ಯಕ್ರಮವನ್ನು ಪೂರ್ತಿ ಓದಿ. ಸಂಭವನೀಯತೆ, ರೇಖೀಯ ಬೀಜಗಣಿತ, ಸಂಖ್ಯಾಶಾಸ್ತ್ರಗಳಿಗೆ ಅದರಲ್ಲಿ ಸ್ವಂತ ಕೋರ್ಸುಗಳಿಲ್ಲದಿದ್ದರೆ, ಮೇಲ್ವಿಚಾರಣೆಯಲ್ಲಿ ನಡೆಯುವ ಪರೀಕ್ಷೆ ಇಲ್ಲದಿದ್ದರೆ, ಆ ಪದವಿಗೆ ನಿಮ್ಮ ದುಡ್ಡು ಕೊಡಬೇಡಿ.